ಒಲೆ ಹೋಯ್ತು, ಗೋಡೆ ಉಳೀತು

ಚಳಿಗಾಲ ಬಂತೆಂದರೆ ನಮ್ಮ ಜನ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಹೀಟರ್ ಹಾಕೇ ಇರ್ತೀವಿ, ಬಿಲ್ ಏರ್ತಾನೇ ಇದೆ, ಆದ್ರೂ ಮನೆ ಬೆಚ್ಚಗಾಗಲ್ಲ. ಮೂಲೇಲಿ ಕಪ್ಪಗೆ ಬೂಷ್ಟು ಬೇರೆ. ಯಾಕೆ?"

ನಾನು ದಾವಣಗೆರೆ ಕಡೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. ಹೆಂಡತಿ ನರ್ಸ್ ಆಗಿ ಇಂಗ್ಲೆಂಡಿಗೆ ಬಂದಳು, ಅವಳ ಹಿಂದೆ ನಾನೂ ಬಂದೆ. ಇಲ್ಲಿನ ಪರೀಕ್ಷೆಗಳನ್ನು ಮುಗಿಸಿ ಈಗ ಹಳೇ ಮನೆಗಳ ವೈರಿಂಗ್ ಬದಲಾಯಿಸುವ ಕೆಲಸ ಮಾಡುತ್ತಿದ್ದೇನೆ. ಇತಿಹಾಸದ ಮೇಷ್ಟ್ರು ನಾನಲ್ಲ. ಆದರೆ ವೈರ್ ಎಳೆಯಲು ಗೋಡೆ ಕೊರೆದಾಗ, ನೆಲದ ಹಲಗೆ ಎತ್ತಿದಾಗ, ನೂರಿನ್ನೂರು ವರ್ಷದ ಇತಿಹಾಸ ಕೈಗೇ ಸಿಗುತ್ತದೆ. ಅದನ್ನು ನೋಡ್ತಾ ನೋಡ್ತಾ, ಜೊತೆಗೆ ಒಂದಿಷ್ಟು ಓದುತ್ತಾ ನನಗೆ ಗೊತ್ತಾದದ್ದು ಇಷ್ಟು: ಮೇಲಿನ ಪ್ರಶ್ನೆಗೆ ಉತ್ತರ ಹೀಟರಿನಲ್ಲಿಲ್ಲ, ಗೋಡೆಯಲ್ಲಿದೆ. ಆ ಗೋಡೆಯ ಕತೆ ಹೇಳುತ್ತೇನೆ.

ಒಲೆಗೆ ತೆರಿಗೆ, ಇಟ್ಟಿಗೆಗೆ ತೆರಿಗೆ

ಹಿಂದಿನ ಕಾಲದಲ್ಲಿ ಇಲ್ಲಿನ ಸಾಮಾನ್ಯರ ಮನೆಯಲ್ಲಿ ನಡುಮನೆಯ ನೆಲದ ಮೇಲೇ ಬೆಂಕಿ. ಹೊಗೆ ಸೂರಿನ ಸಂದಿಯಿಂದ ಹೋದಷ್ಟು ಹೋಯಿತು, ಉಳಿದದ್ದು ಕಣ್ಣಿಗೆ. ನಮ್ಮ ಅಜ್ಜಿಯರ ಅಡುಗೆಮನೆ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. 1500ರ ನಂತರ ನಿಧಾನಕ್ಕೆ ಚಿಮ್ನಿ ಬಂತು. ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ 1577ರಲ್ಲಿ ಪ್ರಕಟವಾದ ತನ್ನ ಬರಹದಲ್ಲಿ, ಊರಿನ ಮುದುಕರು ತಮ್ಮ ಜೀವಮಾನದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲಿ ಚಿಮ್ನಿಗಳು ಹೆಚ್ಚಾದದ್ದೂ ಒಂದು ಅಂತ ದಾಖಲಿಸಿದ್ದಾನೆ.

ಚಿಮ್ನಿ ಬಂದ ಮೇಲೆ ಸರ್ಕಾರದ ಕಣ್ಣು ಅದರ ಮೇಲೆ ಬಿತ್ತು. 1662ರಲ್ಲಿ ಎರಡನೇ ಚಾರ್ಲ್ಸ್ ರಾಜನ ಕಾಲದಲ್ಲಿ ಒಲೆ ತೆರಿಗೆ ಹಾಕಿದರು. ಮನೆಯಲ್ಲಿ ಎಷ್ಟು ಒಲೆಯೋ ಅಷ್ಟಕ್ಕೆ, ಒಂದೊಂದಕ್ಕೆ ವರ್ಷಕ್ಕೆ 2 ಶಿಲ್ಲಿಂಗ್. ತೀರಾ ಬಡವರಿಗೆ ವಿನಾಯಿತಿ ಇತ್ತು. ಆದರೆ ಲೆಕ್ಕ ಹಾಕುವವನು ಮನೆಯೊಳಗೇ ನುಗ್ಗಿ ಎಣಿಸುತ್ತಿದ್ದ, ಜನಕ್ಕೆ ಅದು ಸಹಿಸಲಿಲ್ಲ. ತೆರಿಗೆ ತಪ್ಪಿಸಿಕೊಳ್ಳಲು ಕೆಲವರು ಒಲೆಯನ್ನೇ ಮುಚ್ಚಿದರು. ಆಕ್ಸ್‌ಫರ್ಡ್‌ಶೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ಬ್ರೆಡ್ ಸುಡುವ ಹೆಂಗಸೊಬ್ಬಳು ತೆರಿಗೆ ಉಳಿಸಲು ಗೋಡೆ ಕೊರೆದು, ತನ್ನ ಒಲೆಯ ಹೊಗೆಯನ್ನು ಪಕ್ಕದ ಮನೆಯ ಚಿಮ್ನಿಗೆ ಸೇರಿಸಿದಳಂತೆ. 1684ರಲ್ಲಿ ಅಲ್ಲಿಂದಲೇ ಬೆಂಕಿ ಹತ್ತಿ ಸುಮಾರು 20 ಮನೆ ಸುಟ್ಟು, ನಾಲ್ಕು ಜನ ಸತ್ತರು ಅಂತ ಹೇಳುತ್ತಾರೆ. ಕದ್ದು ಕನೆಕ್ಷನ್ ಕೊಡುವುದು ನಮ್ಮ ಕಾಲದಲ್ಲೇ ಶುರುವಾದದ್ದಲ್ಲ! 1689ರಲ್ಲಿ ಈ ತೆರಿಗೆ ತೆಗೆದರು.

ಅಷ್ಟರಲ್ಲಿ ಗೋಡೆಯೂ ಬದಲಾಗಿತ್ತು. 1666ರ ಮಹಾ ಬೆಂಕಿಯಲ್ಲಿ ಲಂಡನ್ನಿನ 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಮರದ ಮನೆ ಸಾಕು, ಇನ್ನು ಮುಂದೆ ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಕಟ್ಟಬೇಕು ಅಂತ 1667ರಲ್ಲಿ ಕಾಯ್ದೆ ಬಂತು. ಇಟ್ಟಿಗೆ ಹೆಚ್ಚಾದ ಮೇಲೆ ಅದರ ಮೇಲೂ ತೆರಿಗೆ ಬೀಳದೆ ಇರುತ್ತದೆಯೇ? ಅಮೆರಿಕದ ಯುದ್ಧದ ಸಾಲ ತೀರಿಸಲು 1784ರಲ್ಲಿ ಸಾವಿರ ಇಟ್ಟಿಗೆಗೆ 2 ಶಿಲ್ಲಿಂಗ್ 6 ಪೆನ್ನಿ ಹಾಕಿದರು. ತೆರಿಗೆ ಲೆಕ್ಕ ಎಣಿಕೆಯ ಮೇಲೆ ತಾನೇ? ಇಟ್ಟಿಗೆ ಸುಡುವವರು ಇಟ್ಟಿಗೆಯನ್ನೇ ದೊಡ್ಡದು ಮಾಡಿದರು. ಲೆಸ್ಟರ್‌ಶೈರಿನ ಮೀಷಮ್ ಊರಿನಲ್ಲಿ ಜೋಸೆಫ್ ವಿಲ್ಕ್ಸ್ ಎಂಬಾತ ಹೀಗೆ ಮಾಡಿಸಿದ ದಪ್ಪ ಇಟ್ಟಿಗೆಯ ಕಟ್ಟಡಗಳು ಇವತ್ತಿಗೂ ಇವೆ. 1803ರಲ್ಲಿ ಸರ್ಕಾರ ದೊಡ್ಡ ಇಟ್ಟಿಗೆಗೆ ಎರಡು ಪಟ್ಟು ತೆರಿಗೆ ಹಾಕಿ ಆ ದಾರಿ ಮುಚ್ಚಿತು. ಇಟ್ಟಿಗೆ ತೆರಿಗೆ ಹೋದದ್ದು 1850ರಲ್ಲಿ. ಕಿಟಕಿಗೂ 1696ರಿಂದ 1851ರವರೆಗೆ ತೆರಿಗೆ ಇತ್ತು. ಬೀದಿಯಲ್ಲಿ ನಡೆಯುವಾಗ ಹಳೇ ಮನೆಯ ಕಿಟಕಿಯ ಜಾಗವನ್ನು ಇಟ್ಟಿಗೆಯಿಂದ ಮುಚ್ಚಿರುವುದು ಕಂಡರೆ, ಆ ತೆರಿಗೆಯೂ ಅದಕ್ಕೆ ಒಂದು ಕಾರಣ ಇರಬಹುದು. ಬೆಳಕು, ಗಾಳಿ, ಬಿಸಿ ಮೂರಕ್ಕೂ ಇಲ್ಲಿ ಒಂದೊಂದು ಕಾಲದಲ್ಲಿ ಬೆಲೆ ಕಟ್ಟಿದ್ದಾರೆ.

ಪೀಚ್ ಹಣ್ಣಿಗೆ ಬೆಚ್ಚನೆ ಗೋಡೆ

ಬಿಸಿಯನ್ನು ಗೋಡೆಯಲ್ಲಿ ಹಿಡಿದಿಡುವ ವಿದ್ಯೆ ಇಲ್ಲಿನವರಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ನೋಡಬೇಕು ಗೊತ್ತೇ? ಸಾಹುಕಾರರ ತೋಟದಲ್ಲಿ.

ಈ ದೇಶದ ಚಳಿಯಲ್ಲಿ ಪೀಚ್, ಏಪ್ರಿಕಾಟ್ ಬಯಲಲ್ಲಿ ಸುಲಭಕ್ಕೆ ಹಣ್ಣಾಗುವುದಿಲ್ಲ. ಅದಕ್ಕೆ ದೊಡ್ಡ ಬಂಗಲೆಗಳವರು ತೋಟದ ಸುತ್ತ ಎತ್ತರದ ಇಟ್ಟಿಗೆ ಗೋಡೆ ಕಟ್ಟಿಸಿ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒರಗಿಸಿ ಗಿಡ ಬೆಳೆಸುತ್ತಿದ್ದರು. ಹಗಲು ಬಿಸಿಲು ಕುಡಿದ ಇಟ್ಟಿಗೆ ರಾತ್ರಿ ಆ ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ, ಹೂವಿಗೆ ಇಬ್ಬನಿಯ ಕೊರೆತ ತಟ್ಟುವುದಿಲ್ಲ. 1700ರ ನಂತರ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೋಡೆಯನ್ನು ಒಳಗೆ ಟೊಳ್ಳಾಗಿ ಕಟ್ಟಿ, ಹೊಗೆ ಹಾವಿನಂತೆ ಸುತ್ತಿ ಸುತ್ತಿ ಹೋಗುವ ದಾರಿ ಬಿಟ್ಟು, ಹಿಂಬದಿ ಒಲೆ ಹಚ್ಚುತ್ತಿದ್ದರು. ಇಡೀ ಗೋಡೆಯೇ ಬೆಚ್ಚಗೆ. ಇದಕ್ಕೆ ಬಿಸಿ ಗೋಡೆ ಎಂದೇ ಹೆಸರು. ಲಿವರ್‌ಪೂಲಿನ ಕ್ರಾಕ್ಸ್‌ಟೆತ್ ಹಾಲ್ ತೋಟದಲ್ಲಿ ಇಂಥ ಗೋಡೆ ಈಗಲೂ ಇದೆ. ಒಳಗೆ ಕಟ್ಟಿದ ಮಸಿ ತೆಗೆಯುವುದು, ಚಳಿಯ ರಾತ್ರಿ ಎದ್ದು ಒಲೆ ನೋಡಿಕೊಳ್ಳುವುದು ತೋಟದ ಆಳುಗಳ ಪಾಲಿಗೆ.

ಎಲ್ಲರ ತೋಟಕ್ಕೂ ಇಷ್ಟು ಖರ್ಚು ಇರಲಿಲ್ಲ. ಸಫೋಕ್ ಕಡೆ ಹೋದರೆ ಹಾವಿನಂತೆ ಡೊಂಕುಡೊಂಕಾಗಿ ಹೋಗುವ ತೋಟದ ಗೋಡೆಗಳನ್ನು ನೋಡಬಹುದು, ಈಸ್ಟನ್ ಹಳ್ಳಿಯದು ಹೆಸರುವಾಸಿ. ಕುಡಿದು ಕಟ್ಟಿದ್ದಾರೆ ಅನ್ನಿಸುತ್ತದೆ. ಅಲ್ಲ, ಲೆಕ್ಕ ಹಾಕಿಯೇ ಕಟ್ಟಿದ್ದು. ನೆಟ್ಟಗಿನ ಗೋಡೆ ತೆಳ್ಳಗಿದ್ದರೆ ಗಾಳಿಗೆ ಬೀಳುತ್ತದೆ, ಆಗಾಗ ಕಂಬ ಕೊಡಬೇಕು. ಡೊಂಕು ಗೋಡೆಗೆ ಆ ಡೊಂಕೇ ಬಲ. ಒಂದೇ ಇಟ್ಟಿಗೆಯ ಅಗಲಕ್ಕೆ, ಅಂದರೆ ನಾಲ್ಕೂವರೆ ಇಂಚಿಗೆ ಕಟ್ಟಿದರೂ ನಿಲ್ಲುತ್ತದೆ. ಊರಲ್ಲಿ ಸೈಟಿಗೆ ಕಾಂಪೌಂಡ್ ಕಟ್ಟಿಸುವ ಗೆಳೆಯರು ನಮ್ಮ ಗೌಂಡಿಗಳಿಗೆ ಇದರ ಫೋಟೋ ತೋರಿಸಿ ನೋಡಿ.

ಆದರೆ ಒಂದು ಮಾತು ಮರೆಯಬಾರದು. ಪೀಚ್ ಗಿಡಕ್ಕೆ ಬಿಸಿ ಗೋಡೆ ಇದ್ದ ಕಾಲದಲ್ಲಿ, ಆ ಒಲೆಗೆ ಕಲ್ಲಿದ್ದಲು ಹಾಕುವ ಆಳಿನ ಗುಡಿಸಲಿನಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಒಲೆ.

ಕಾರ್ಮಿಕರ ಸಾಲುಮನೆ

ಕಾರ್ಖಾನೆಗಳು ಬಂದವು, ಹಳ್ಳಿಯ ಜನ ನಮ್ಮ ಹಾಗೇ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರಿಗಾಗಿ ಎದ್ದದ್ದೇ ಉದ್ದುದ್ದ ಸಾಲುಮನೆಗಳು, ನಮ್ಮಲ್ಲಿ ಬಹಳ ಜನ ಈಗ ಬಾಡಿಗೆಗಿರುವ ಟೆರೇಸ್ ಮನೆಗಳು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ಊರೂರಿನ ಆಡಳಿತಗಳು ಬೀದಿ ಎಷ್ಟು ಅಗಲ ಇರಬೇಕು, ಮನೆಯ ಹಿಂದೆ ಎಷ್ಟು ಜಾಗ ಬಿಡಬೇಕು ಅಂತ ನಿಯಮ ಮಾಡಿದವು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಬೀದಿಗಳು ಹುಟ್ಟಿದ್ದು ಹಾಗೆ.

ಆ ಮನೆಗಳ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ಸುಣ್ಣದ ಗಾರೆ. ಸುಣ್ಣದ ಗಾರೆ ಮಳೆಯಲ್ಲಿ ತೇವ ಹೀರುತ್ತದೆ, ಒಣಗಿದಾಗ ಬಿಡುತ್ತದೆ. ಬಹುತೇಕ ಎಲ್ಲ ಕೋಣೆಗೂ ಕಲ್ಲಿದ್ದಲ ಅಗ್ಗಿಷ್ಟಿಕೆ, ಅದಕ್ಕೊಂದು ಚಿಮ್ನಿ. ಅಗ್ಗಿಷ್ಟಿಕೆಯ ಬಿಸಿಯಲ್ಲಿ ಬಹುಪಾಲು ಚಿಮ್ನಿಯಲ್ಲೇ ಹೋಗುತ್ತಿತ್ತು. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1796ರಲ್ಲೇ, ಒಲೆಯ ಬಾಯಿ ಆಳ ಕಡಿಮೆ ಮಾಡಿ, ಪಕ್ಕದ ಗೋಡೆ ಓರೆ ಮಾಡಿ, ಹೊಗೆ ಹೋಗುವ ಗಂಟಲು ಕಿರಿದು ಮಾಡಿದರೆ ಬಿಸಿ ಕೋಣೆಗೆ ಬರುತ್ತದೆ ಅಂತ ಬರೆದು ತೋರಿಸಿದ್ದ. ಆಮೇಲೆ ಒಲೆಯ ಹಿಂದೆ ನೀರಿನ ತೊಟ್ಟಿ ಕೂರಿಸಿ ಸ್ನಾನದ ನೀರು ಕಾಯಿಸುವ ಉಪಾಯವೂ ಬಂತು. ನಮ್ಮ ಕೋಡೊಲೆಯ ಬುದ್ಧಿಯೇ ಅದು: ಹೋಗುವ ಬಿಸಿಯನ್ನು ಇನ್ನೊಂದು ಕೆಲಸಕ್ಕೆ ಹಿಡಿದುಕೊಳ್ಳುವುದು.

ಇಲ್ಲೇ ನಮ್ಮ ಪ್ರಶ್ನೆಯ ಗುಟ್ಟಿದೆ. ಅಗ್ಗಿಷ್ಟಿಕೆ ಬಿಸಿ ಕೊಡುವುದರಲ್ಲಿ ಕಳಪೆ, ಆದರೆ ಗಾಳಿ ಎಳೆಯುವುದರಲ್ಲಿ ಗಟ್ಟಿ. ಬೆಂಕಿ ಉರಿಯುವಾಗ ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಅಡುಗೆಯ ಹಬೆ, ಒದ್ದೆ ಬಟ್ಟೆಯ ತೇವ ಎಲ್ಲ ಚಿಮ್ನಿಯಲ್ಲಿ ಮೇಲೆ ಹೋಗುತ್ತಿತ್ತು. ಚಳಿ ಇತ್ತು, ಮಸಿ ಇತ್ತು. ಆದರೆ ಒಲೆ ಉರಿಯುವಷ್ಟು ಹೊತ್ತು ತೇವಕ್ಕೆ ಹೊರಗೆ ಹೋಗಲು ದಾರಿ ಇತ್ತು. ಗೋಡೆ, ಗಾರೆ, ಒಲೆ, ಚಿಮ್ನಿ ನಾಲ್ಕೂ ಸೇರಿ ಒಂದು ಮೆಷಿನ್ ಅಂದುಕೊಳ್ಳಿ.

ಹೊಗೆ ಮಂಜು, ಆಮೇಲೆ ಗ್ಯಾಸ್

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕಲ್ಲಿದ್ದಲ ಹೊಗೆ ಮತ್ತು ಮಂಜು ಸೇರಿ ಮುಸುಕು ಹಾಕಿತು. ಸುಮಾರು 4,000 ಜನ ಸತ್ತರು ಅಂತ ಆಗ ಲೆಕ್ಕ ಹಾಕಿದರು. ಆಮೇಲಿನ ಅಧ್ಯಯನಗಳು 12,000ದವರೆಗೂ ಹೇಳುತ್ತವೆ. ಅದರ ಫಲವಾಗಿ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಹೊಗೆ ಬಿಡಬಾರದ ಪ್ರದೇಶಗಳನ್ನು ಗುರುತಿಸಿದರು. 1965ರಲ್ಲಿ ಉತ್ತರ ಸಮುದ್ರದಲ್ಲಿ ಗ್ಯಾಸ್ ಸಿಕ್ಕಿತು. 1967ರಿಂದ ಹತ್ತು ವರ್ಷ ಮನೆ ಮನೆಗೆ ಹೋಗಿ, ಒಂದು ಕೋಟಿಗೂ ಹೆಚ್ಚು ಗ್ರಾಹಕರ ಒಲೆ, ಹೀಟರುಗಳನ್ನು ಹೊಸ ಗ್ಯಾಸಿಗೆ ಬದಲಾಯಿಸಿದರು. ಬಾಯ್ಲರ್, ರೇಡಿಯೇಟರ್ ಬಂದವು. ಗ್ಯಾಸ್ ಇಲ್ಲದ ಫ್ಲ್ಯಾಟುಗಳಿಗೆ ಕರೆಂಟಿನ ಸ್ಟೋರೇಜ್ ಹೀಟರ್ ಬಂತು. 1978ರಲ್ಲಿ ಎಕಾನಮಿ 7 ಎಂಬ ದರ ಶುರುವಾಯಿತು: ರಾತ್ರಿ ಏಳು ಗಂಟೆ ಕರೆಂಟು ಅಗ್ಗ. ಆ ಹೊತ್ತಿನಲ್ಲಿ ಹೀಟರಿನೊಳಗಿನ ಭಾರದ ಇಟ್ಟಿಗೆಗಳನ್ನು ಕಾಯಿಸಿಟ್ಟು, ಹಗಲು ಬಿಸಿ ಬಿಡುವುದು. ಕವರ್ ಬಿಚ್ಚಿದಾಗಲೆಲ್ಲ ನನಗೆ ಆ ಪೀಚ್ ತೋಟದ ಗೋಡೆ ನೆನಪಾಗುತ್ತದೆ. ಇಟ್ಟಿಗೆಯ ಕೆಲಸ ಅದೇ, ಒಲೆಯ ಬದಲು ಕಾಯಿಲ್.

ಹೊಗೆ ಹೋಯಿತು, ಒಳ್ಳೆಯದೇ ಆಯಿತು. ಆದರೆ ಒಲೆ ತೆಗೆದವರು ಗೋಡೆಯನ್ನು ಹಾಗೇ ಬಿಟ್ಟರು. ಅಗ್ಗಿಷ್ಟಿಕೆಯ ಬಾಯಿಗೆ ಹಲಗೆ ಬಡಿದರು, ಕಿಟಕಿಗೆ ಬಿಗಿಯಾದ ಗಾಜು ಕೂರಿಸಿದರು, ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದರು. ಮೆಷಿನ್ನಿನ ಮೋಟಾರು ತೆಗೆದು ಡಬ್ಬಿ ಮಾತ್ರ ಉಳಿಸಿದ ಹಾಗೆ. ಈಗ ತೇವಕ್ಕೆ ಹೋಗಲು ದಾರಿಯಿಲ್ಲ. ತಣ್ಣೀರಿನ ಸ್ಟೀಲ್ ಲೋಟದ ಹೊರಗೆ ಹನಿ ಕಟ್ಟುವಂತೆ, ತಣ್ಣಗಿನ ಹೊರಗೋಡೆಯ ಒಳಮೈಯಲ್ಲಿ ನೀರು ಕಟ್ಟುತ್ತದೆ. ಬೂಷ್ಟು ಬರುವುದು ಅಲ್ಲಿಗೇ, ಬೀರುವಿನ ಹಿಂದೆ, ಮೂಲೆಯಲ್ಲಿ.

ತಪ್ಪು ಯಾರದು?

ಬೂಷ್ಟಿನ ಬಗ್ಗೆ ಹೇಳಿದಾಗ ನಮ್ಮವರಿಗೆ ಸಿಗುವ ಉತ್ತರ ಎಷ್ಟೋ ಸಲ ಒಂದೇ ಥರ: ನೀವು ಜಾಸ್ತಿ ಅಡುಗೆ ಮಾಡ್ತೀರಿ, ಬಟ್ಟೆ ಒಳಗೆ ಒಣಗಿಸ್ತೀರಿ. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ಕೇರ್ ಹೋಮಿನಲ್ಲಿ ದುಡಿಯುವ ನಾಲ್ಕು ಜನ ಇದ್ದರು, ಅವರಿಗೂ ಓನರ್ ಇದನ್ನೇ ಹೇಳಿದ್ದ. ಸಾಕೆಟ್ ಹಾಕಲು ಹಲಗೆ ಬಿಚ್ಚಿದರೆ ಹಿಂದೆ ಮುಚ್ಚಿದ ಅಗ್ಗಿಷ್ಟಿಕೆ. ಗಾಳಿಗೆ ಒಂದು ಜಾಲರಿಯನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯ ಫ್ಯಾನ್ ತಿರುಗದೆ ಎಷ್ಟು ಕಾಲವಾಗಿತ್ತೋ. ನೂರಿಪ್ಪತ್ತು ವರ್ಷದ ಹಿಂದೆ ಅದೇ ಮನೆಯಲ್ಲಿದ್ದ ಕಾರ್ಮಿಕರೂ ಒಳಗೇ ಅಡುಗೆ ಮಾಡಿದ್ದಾರೆ, ಮಳೆಗಾಲದಲ್ಲಿ ಒಲೆಯ ಮುಂದೆಯೇ ಬಟ್ಟೆ ಒಣಗಿಸಿದ್ದಾರೆ.

ಇದು ಬರೀ ಗೋಡೆ ಕಪ್ಪಾಗುವ ಮಾತಲ್ಲ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಊರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ತಂದೆತಾಯಿ ಸುಡಾನಿನಿಂದ ಬಂದವರು. ಮನೆಯ ಬೂಷ್ಟಿನಿಂದಲೇ ಉಸಿರಾಟ ಕೆಟ್ಟು ಸಾವಾಯಿತು ಅಂತ 2022ರಲ್ಲಿ ಕರೋನರ್ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲೇ ಬಂದ ಅವಾಬ್ ಕಾನೂನು 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸೋಶಿಯಲ್ ಹೌಸಿಂಗ್ ಮನೆಗಳಿಗೆ ಜಾರಿಯಾಗಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು.

ಗೋಡೆ ಓದುವುದು

ಇನ್ನು ನಮ್ಮ ಕೈಯಲ್ಲಿರುವುದು. ಮನೆಯ ಹೊರಗೆ ನಿಂತು ಇಟ್ಟಿಗೆ ನೋಡಿ. ಇಟ್ಟಿಗೆಯ ಉದ್ದ ಮುಖ, ಗಿಡ್ಡ ಮುಖ ಎರಡೂ ಕಂಡರೆ ಸಾಮಾನ್ಯವಾಗಿ ಅದು ಗಟ್ಟಿ ಗೋಡೆ, ಹಳೇ ಮನೆ. ಬರೀ ಉದ್ದ ಮುಖ ಕಂಡರೆ ಹೆಚ್ಚಾಗಿ ನಡುವೆ ಟೊಳ್ಳು ಬಿಟ್ಟ ಎರಡು ಪದರದ ಗೋಡೆ. 1920–30ರ ದಶಕದಿಂದ ಇದು ಹೆಚ್ಚಾಯಿತು. ಗಟ್ಟಿ ಗೋಡೆಯ ಮನೆಯನ್ನು ರಾತ್ರಿ ಒಂದು ಗಂಟೆ ಜೋರಾಗಿ ಕಾಯಿಸಿ ಆರಿಸುವುದಕ್ಕಿಂತ, ಸಣ್ಣ ಬಿಸಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ಗೋಡೆಯ ಮೈ ತೀರಾ ತಣ್ಣಗಾಗುವುದಿಲ್ಲ. ಬೀರುವನ್ನು ಹೊರಗೋಡೆಗೆ ಅಂಟಿಸಬೇಡಿ. ಗಾಳಿ ಬರುವ ಜಾಲರಿಗೆ ಬಟ್ಟೆ ತುರುಕಬೇಡಿ, ಗ್ಯಾಸ್ ಉಪಕರಣ ಇರುವ ಕೋಣೆಯಲ್ಲಂತೂ ಅದು ಪ್ರಾಣದ ವಿಷಯ.

ಸ್ಟೋರೇಜ್ ಹೀಟರಿನಲ್ಲಿ ಎರಡು ತಿರುಪು ಇರುತ್ತವೆ. ಇನ್‌ಪುಟ್ ಅಂದರೆ ಇವತ್ತು ರಾತ್ರಿ ಎಷ್ಟು ಬಿಸಿ ತುಂಬಬೇಕು ಅಂತ. ಔಟ್‌ಪುಟ್ ಅಂದರೆ ಎಷ್ಟು ಬಿಡಬೇಕು ಅಂತ. ಮಲಗುವಾಗ ಔಟ್‌ಪುಟ್ ಕಡಿಮೆ ಮಾಡಿ. ಇಲ್ಲದಿದ್ದರೆ ನೈಟ್ ಶಿಫ್ಟಿನವರು ಬರುವ ಹೊತ್ತಿಗೆ ಬಿಸಿ ಖಾಲಿ. ಪ್ಲಗ್ ಹೀಟರನ್ನು ನೇರ ಗೋಡೆಯ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡವೇ ಬೇಡ. 3 ಕಿಲೋವ್ಯಾಟ್ ಹೀಟರ್ 13 ಆಂಪಿಯರ್ ಎಳೆಯುತ್ತದೆ, ಪ್ಲಗ್ಗೇ ಕರಗಿದ್ದನ್ನು ನೋಡಿದ್ದೇನೆ.

ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಿಗೆ ಓನರ್ ಕನಿಷ್ಠ ಐದು ವರ್ಷಕ್ಕೊಮ್ಮೆ ವೈರಿಂಗ್ ಪರೀಕ್ಷೆ ಮಾಡಿಸಿ ವರದಿಯ ಪ್ರತಿ ನಿಮಗೆ ಕೊಡಬೇಕು. ಮನೆಯ ಇಂಧನ ಸರ್ಟಿಫಿಕೇಟು, ಕೆಲವು ವಿನಾಯಿತಿ ಬಿಟ್ಟರೆ, ಕನಿಷ್ಠ ಇ ದರ್ಜೆ ಇರಬೇಕು. ಮನೆ ವಾಸಕ್ಕೆ ಯೋಗ್ಯ ಇರಬೇಕು ಅಂತ 2018ರ ಕಾಯ್ದೆಯೂ ಹೇಳುತ್ತದೆ. ಬೂಷ್ಟಿನ ಫೋಟೋ ತೆಗೆದು, ತಾರೀಖು ಹಾಕಿ, ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಕಳಿಸಿ. ಉತ್ತರ ಬರದಿದ್ದರೆ ಕೌನ್ಸಿಲ್ಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಹೇಳಿ. ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಾದರೆ ನಮ್ಮ ಕೂಟದ ಭಾನುವಾರದ ಸಭೆಗೆ ಬನ್ನಿ, ಕೂತು ಬರೆಯೋಣ. ಬರೆಯುವಾಗ ಮನೆ ಯಾವ ಕಾಲದ್ದು, ಗೋಡೆ ಎಂಥದ್ದು, ಅಗ್ಗಿಷ್ಟಿಕೆ ಮುಚ್ಚಿದ್ದಾರಾ, ಫ್ಯಾನ್ ತಿರುಗುತ್ತಾ ಎಂಬ ನಾಲ್ಕು ಮಾತು ಸೇರಿಸಿ. ಆಗ ನಿಮ್ಮ ಅಡುಗೆಯ ಮಾತು ಬಿಟ್ಟು, ಅವರು ಗೋಡೆಯ ಮಾತಿಗೆ ಬರಲೇಬೇಕಾಗುತ್ತದೆ.