ಬಿಲ್ ಪುಸ್ತಕದಲ್ಲಿ ಬದಲಾದ ಜಿಲ್ಲೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದಾಗ ಸರ್ಕಾರಿ ಕಚೇರಿಗಳಿಗಷ್ಟೇ ಅಲ್ಲ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಬಿಲ್ ಪುಸ್ತಕಕ್ಕೂ ಕೆಲಸ ಬಂತು. ಚಿಂತಾಮಣಿಯ ಮಂಡಿ, ಶಿಡ್ಲಘಟ್ಟದ ರೀಲರ್, ಗೌರಿಬಿದನೂರಿನ ದಿನಸಿ ವ್ಯಾಪಾರಿ, ಎಲ್ಲರ ವಿಳಾಸದ ಕೊನೆಯಲ್ಲಿದ್ದ ‘ಕೋಲಾರ ಜಿಲ್ಲೆ’ ಹಳತಾಯಿತು. ಉಳಿದ ಹಾಳೆಗಳಿಗೆ ರಬ್ಬರ್ ಮೊಹರು ಒತ್ತುವುದೋ, ಹೊಸದಾಗಿ ಅಚ್ಚು ಹಾಕಿಸುವುದೋ ಎಂಬುದು ಪ್ರಶ್ನೆ. ಪಿನ್‌ಕೋಡ್ ಮಾತ್ರ ಜಿಲ್ಲೆಯ ಮಾತು ಕೇಳಲಿಲ್ಲ. ಗೌರಿಬಿದನೂರು 561208, ಚಿಕ್ಕಬಳ್ಳಾಪುರ 562101, ಶಿಡ್ಲಘಟ್ಟ 562105, ಚಿಂತಾಮಣಿ 563125 ಎಂದು ಮೊದಲಿನಂತೆಯೇ ಉಳಿದವು.

ಕನ್ನಡ ಮುದ್ರಣದ ಚರಿತ್ರೆಯನ್ನು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ, 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ ಇವುಗಳಿಂದ ಹೇಳುವುದು ವಾಡಿಕೆ. ಪುಸ್ತಕಗಳ ಚರಿತ್ರೆ ಬರೆದವರು ಹಲವರಿದ್ದಾರೆ, ರಸೀತಿಯ ಚರಿತ್ರೆಗೆ ಕೈಹಾಕಿದವರು ಕಡಿಮೆ. ಆದರೆ ತಾಲ್ಲೂಕು ಕೇಂದ್ರಗಳ ಪ್ರೆಸ್ಸುಗಳನ್ನು ಸಾಕಿದ್ದು ರಸೀತಿ, ಕರಪತ್ರ, ಲಗ್ನಪತ್ರಿಕೆಗಳೇ.

ಸೀಸದ ಮೊಳೆಗಳ ಕಾಲದಲ್ಲಿ ಒಂದು ಹೆಸರು ಬದಲಿಸುವುದೂ ಸಣ್ಣ ಕೆಲಸವಾಗಿರಲಿಲ್ಲ. ಖಾಯಂ ಗಿರಾಕಿಯ ತಲೆಬರಹವನ್ನು ಮೊಳೆ ಜೋಡಿಸಿದಂತೆಯೇ ದಾರದಿಂದ ಕಟ್ಟಿ ಇಡುತ್ತಿದ್ದರು. ಮುಂದಿನ ಆರ್ಡರ್ ಬಂದಾಗ ಅದನ್ನೇ ಟ್ರೆಡಲ್ ಯಂತ್ರಕ್ಕೆ ಏರಿಸಿದರಾಯಿತು. ‘ಗೌರಿಬಿದನೂರು’, ‘ಚಿಂತಾಮಣಿ’ಗಳಲ್ಲಿ ಒತ್ತಕ್ಷರವಿಲ್ಲ. ‘ಚಿಕ್ಕಬಳ್ಳಾಪುರ’ದಲ್ಲಿ ಎರಡು, ‘ಶಿಡ್ಲಘಟ್ಟ’ದಲ್ಲಿಯೂ ಎರಡು. ಒತ್ತಿನ ಮೊಳೆ ಸವೆದಿದ್ದರೆ ಊರಿನ ಹೆಸರೇ ಮಸುಕು. ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಈ ಕಷ್ಟ ತಪ್ಪಿತು. ಅದರೊಂದಿಗೆ ಕಂಪಾಸಿಟರನ ಕೆಲಸವೂ ಹೋಯಿತು.

ಕಾಗದದ ಲೆಕ್ಕ ಮಾತ್ರ ಹಳೆಯದೇ. ಡೆಮ್ಮಿ ಹಾಳೆ 17.5 ಇಂಚು ಅಗಲ, 22.5 ಇಂಚು ಉದ್ದ. ಎಂಟು ಭಾಗ ಮಾಡಿದರೆ ಸಾಧಾರಣ ಬಿಲ್ಲಿನ ಅಳತೆ. 500 ಹಾಳೆಯ ಒಂದು ರೀಮಿಗೆ 4,000 ಚೀಟಿ. 50 ಬಿಲ್ಲಿಗೆ ಒಂದೊಂದು ನಕಲು ಸೇರಿ ಪುಸ್ತಕಕ್ಕೆ 100 ಹಾಳೆಯೆಂದರೆ 40 ಪುಸ್ತಕ. ಐದೇ ಪುಸ್ತಕ ಬೇಕೆನ್ನುವ ಗಿರಾಕಿಗೆ ದರ ಏರುವುದು ಕಾಗದದಿಂದಲ್ಲ. ಅಕ್ಷರ ಜೋಡಣೆ, ಪ್ಲೇಟು, ಯಂತ್ರ ಹೊಂದಿಸುವ ಖರ್ಚು ಐದಕ್ಕೂ ನಲವತ್ತಕ್ಕೂ ಒಂದೇ.

ಹಾಗೆಂದು ಎಲ್ಲವೂ ಊರಿನಲ್ಲೇ ಅಚ್ಚಾಗುತ್ತದೆ ಎಂದಲ್ಲ. ಬಣ್ಣದ ಕೆಲಸಕ್ಕೆ ಬೆಂಗಳೂರು ಬಸ್ಸಿನ ದೂರದಲ್ಲಿದೆ. ದೇವರ ಚಿತ್ರದ ಕ್ಯಾಲೆಂಡರಿಗೆ ಶಿವಕಾಶಿ ಹೆಸರಾದದ್ದು. 1923ರಲ್ಲಿ ಅಲ್ಲಿನ ಇಬ್ಬರು ಯುವಕರು ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣ ಮಾಡುವುದನ್ನು ಕಲಿತು ಬಂದರು. ಪೊಟ್ಟಣಕ್ಕೆ ಲೇಬಲ್ ಬೇಕಾಗಿ ಮುದ್ರಣವೂ ಬೆಳೆಯಿತು. ಚಿತ್ರ ಅಲ್ಲಿಂದ ಬಂದರೂ ಕೆಳಗಿನ ಖಾಲಿ ಜಾಗದಲ್ಲಿ ಅಂಗಡಿಯ ಹೆಸರು ಒತ್ತುವ ಕೆಲಸ ಸ್ಥಳೀಯ ಪ್ರೆಸ್ಸಿನ ಪಾಲಿಗೆ ಉಂಟು.

ಬಿಲ್ ಪುಸ್ತಕಕ್ಕೆ ಜಿಲ್ಲೆಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ತೆರಿಗೆ. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ 11 ಅಂಕಿಯ ಟಿನ್ ಅಚ್ಚು ಹಾಕಿಸಬೇಕಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿಯ 15 ಅಕ್ಷರಗಳ ಸಂಖ್ಯೆ. ಸರಕಿನ ಬಿಲ್ಲಿಗೆ ಮೂರು ಪ್ರತಿ: ಕೊಳ್ಳುವವರಿಗೆ, ಸಾಗಿಸುವವರಿಗೆ, ಮಾರುವವರಿಗೆ. ಇದರಲ್ಲಿ ಒಂದಕ್ಷರ ತಪ್ಪಿದರೂ ಕೊಂಡ ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯುವಾಗ ತಕರಾರು ಏಳಬಹುದು. ಪ್ರೂಫಿಗೆ ಸಹಿ ಬಿದ್ದ ಮೇಲೆ ತಪ್ಪು ಗಿರಾಕಿಯದು ಎಂಬುದು ಈ ವೃತ್ತಿಯ ರೂಢಿ. ಆಂಧ್ರದ ಗಡಿಗೆ ಹತ್ತಿರದ ಈ ಸೀಮೆಯಲ್ಲಿ ತೆಲುಗಿನಲ್ಲಿ ಮಾತಾಡಿ ಕನ್ನಡದಲ್ಲಿ ಅಚ್ಚು ಹಾಕಿಸುವ ಗಿರಾಕಿಗಳೂ ಉಂಟು. ಬಾಯಲ್ಲಿ ಹೇಳಿ ಬರೆಸಿದ ಹೆಸರುಗಳನ್ನು ಪ್ರೂಫಿನಲ್ಲಿ ಎರಡು ಸಲ ನೋಡುವುದು ಕ್ಷೇಮ.

ಚುನಾವಣೆಯ ಕರಪತ್ರದಲ್ಲಿ ಮಾತ್ರ ಹೊಣೆ ಮುದ್ರಕನ ಕೊರಳಿಗೂ ಬರುತ್ತದೆ. ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಕಲಮಿನಂತೆ ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸವೂ ಅದರ ಮೇಲಿರಬೇಕು. ಅಚ್ಚು ಹಾಕಿಸುವವರು ತಮ್ಮನ್ನು ಬಲ್ಲ ಇಬ್ಬರ ರುಜುವಿನೊಂದಿಗೆ ಘೋಷಣೆಯ ಎರಡು ಪ್ರತಿ ಕೊಡಬೇಕು. ತಾಲ್ಲೂಕಿನ ಪ್ರೆಸ್ಸಿನವರು ಅದರಲ್ಲೊಂದನ್ನು ಕರಪತ್ರದ ಪ್ರತಿಯೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾತ್ರೋರಾತ್ರಿ ಸಾವಿರ ಕರಪತ್ರ ಬೇಕೆಂದು ಬಂದವರ ಮುಂದೆ ಪ್ರೆಸ್ಸಿನ ಯಜಮಾನರು ಮೊದಲು ಈ ಘೋಷಣೆಯ ನಮೂನೆಯನ್ನು ಇಡಬೇಕಾಗುವುದು ಇದಕ್ಕೇ.