ಊರ ಹೆಸರಿನ ಕೋಣೆ

19ನೇ ಶತಮಾನದಲ್ಲಿ ದುಡಿಮೆ ಅರಸಿ ಮುಂಬಯಿ ಸೇರಿದ ಗೋವೆಯ ಕ್ರೈಸ್ತರಲ್ಲಿ ಅಡುಗೆಯವರು, ವಾದ್ಯಗಾರರು, ಹಡಗಿನ ನೌಕರರು ಅನೇಕರಿದ್ದರು. ಅವರ ಕೈಯಲ್ಲಿ ಬಂಡವಾಳವಿರಲಿಲ್ಲ. ಒಂದೇ ಊರು, ಒಂದೇ ಭಾಷೆ, ಒಂದೇ ಜಪಸರವಿತ್ತು. ಧೋಬಿ ತಲಾವ್, ಮಜಗಾಂವ್‌ಗಳಲ್ಲಿ ಅವರು ಊರಿಗೊಂದರಂತೆ 'ಕೂಡ್' ತೆರೆದರು. ಕೊಂಕಣಿಯಲ್ಲಿ ಕೂಡ್ ಎಂದರೆ ಕೋಣೆ. ಅಲ್ಪ ಬಾಡಿಗೆ, ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಒಂದು ಪೀಠ, ಸಂಜೆಯ ಪ್ರಾರ್ಥನೆ, ವರ್ಷಕ್ಕೊಮ್ಮೆ ಊರ ಪಾಲಕ ಸಂತರ ಹಬ್ಬ. ಕೂಡಿ ಪ್ರಾರ್ಥಿಸಿದವರಲ್ಲಿ ಪರಸ್ಪರ ವಿಶ್ವಾಸ ಬೆಳೆಯಿತು. ಹಡಗು ಕಾಯುವ ನಾವಿಕನಿಗೆ ತಂಗುವ ತಾವು, ಹೊಸಬನಿಗೆ ಕೆಲಸದ ಸುಳಿವು ಅಲ್ಲೇ ಸಿಕ್ಕಿತು. ಉಳಿಸಿದ ಹಣ ಊರಿನ ಮನೆ ಸೇರಿತು. ಆದರೆ ಬಹುತೇಕ ಕೂಡ್‌ಗಳು ಗಂಡಸರವು. ಮನೆಗೆಲಸಕ್ಕೆ ಬಂದ ಹೆಂಗಸರಿಗೆ ಆ ಬಾಗಿಲು ಮುಚ್ಚಿತ್ತು.

ಪ್ರಿಯರೇ, ನಮ್ಮೂರಿಗೆ ದುಡಿಯಲು ಬಂದ ಪರವೂರಿನವರಿಗೆ ಈ ಹಬ್ಬದಂದು ನಮ್ಮ ಬಾಗಿಲು ತೆರೆದಿದೆಯೇ?