ಕಲ್ಲು, ಗಚ್ಚು, ಕಾಂಕ್ರೀಟು: ಹಿರಣ್ಯಕೇಶಿಯ ಸೀಮೆಯ ಕಟ್ಟಡಗಳ ಕಥೆ

ಶತಮಾನೋತ್ಸವದ ಸಿದ್ಧತಾ ಸಭೆಗಳಲ್ಲಿ ಮತ್ತೆ ಮತ್ತೆ ಎದ್ದು ನಿಂತ ಪ್ರಶ್ನೆ ಒಂದೇ: ನಮ್ಮ ಶಾಲೆಯ ಕಲ್ಲಿನ ಹಳೆಯ ಸಾಲನ್ನು ಕೆಡವಬೇಕೋ, ಉಳಿಸಿಕೊಳ್ಳಬೇಕೋ? ಪಾಲಕರಲ್ಲಿ ಹಲವರು ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಕೆಡವಬೇಕೆಂದರು. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಆ ಮಾತಿಗೆ ನೊಂದುಕೊಂಡರು. ಎರಡೂ ಪಕ್ಷಗಳ ಮಾತಿನಲ್ಲಿ ಹುರುಳಿದೆ. ತೀರ್ಮಾನಕ್ಕೆ ಮುನ್ನ, ಈ ಸೀಮೆಯಲ್ಲಿ ಜನರು ಯಾವುದರಿಂದ, ಹೇಗೆ, ಏಕೆ ಕಟ್ಟುತ್ತ ಬಂದರೆಂಬುದನ್ನು ಒಮ್ಮೆ ನೋಡುವುದು ಉಚಿತವೆಂದು ನಾವು ಭಾವಿಸಿದೆವು.

ಆಜರೆಯ ಕಟ್ಟಡಗಳನ್ನು ರೂಪಿಸಿದ ಮೊದಲ ಶಿಲ್ಪಿ ಮಳೆ. ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅದೇ ನದಿ ಆಜರೆಯನ್ನು ದಾಟಿ ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ಮಳೆಯ ಪ್ರಮಾಣ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಒಂದೇ ನದಿಯ ದಾರಿಯಲ್ಲಿ ಎರಡು ಬೇರೆ ಬೇರೆ ಹವೆಗಳು! ಪೂರ್ವದ ಸಂಕೇಶ್ವರ, ಹುಕ್ಕೇರಿಗಳ ಕಡೆ ಮಣ್ಣಿನ ಮಾಳಿಗೆ ಮನೆ ನಿಂತೀತು. ಆಜರೆಯಲ್ಲಿ ಮಾಳಿಗೆ ಕಟ್ಟಿದವನು ಮೊದಲ ಆಷಾಢದಲ್ಲಿಯೇ ಬುದ್ಧಿ ಕಲಿಯುತ್ತಿದ್ದ. ಆದುದರಿಂದ ಇಲ್ಲಿ ಇಳಿಜಾರು ಮಾಡು, ಉದ್ದ ಸೂರು, ಎತ್ತರದ ಕಟ್ಟೆ. ಪಡುವಣ ಗಾಳಿಗೆ ಎದುರಾದ ಗೋಡೆಗೆ ಮಳೆಗಾಲದುದ್ದಕ್ಕೂ ಬಿದಿರಿನ ತಟ್ಟಿ, ಭತ್ತದ ಹುಲ್ಲುಗಳ ಹೊದಿಕೆ. ಮಾಡಿಗೆ ಮೊದಲು ಹುಲ್ಲು ಮತ್ತು ಕುಂಬಾರರ ನಾಡಹಂಚು. ಬಳಿಕ ಬಂದುದು ಮಂಗಳೂರು ಹಂಚು: 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಸಂತಾನ. ನಮ್ಮ ಹಳೆಯ ಸಾಲಿನ ಮೇಲೆ ಇಂದಿಗೂ ಇರುವುದು ಅದೇ ಜಾತಿಯ ಹಂಚು.

ಕಲ್ಲಿನ ವಿಷಯದಲ್ಲಿ ಈ ಸೀಮೆ ಶ್ರೀಮಂತ. ತಳದಲ್ಲಿ ಜ್ವಾಲಾಮುಖಿಯ ಲಾವಾದಿಂದಾದ ಕರಿಕಲ್ಲು. ಎತ್ತರದ ಬಯಲುಗಳ ನೆತ್ತಿಯ ಮೇಲೆ ಕೆಂಪು ಜಾಂಬಾ ಕಲ್ಲು. ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಇರುವಾಗ ಕೊಡಲಿಗೆ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಗಡಹಿಂಗ್ಲಜದ ಬಳಿಯ ಸಾಮಾನಗಡಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ನಾವು ತೋರಿಸುವುದು, 1844ರ ಗಡಕರಿಗಳ ಬಂಡಾಯದ ನೆಲವೆಂಬುದರ ಜೊತೆಗೆ, ಜಾಂಬಾ ಕಲ್ಲನ್ನೇ ಕೊರೆದು ಮಾಡಿದ ಅಲ್ಲಿನ ಕಮಾನುಗಳ ಬಾವಿಯನ್ನು. ಕರಿಕಲ್ಲಿನ ಹಿರಿಮೆ ನೋಡಬೇಕೆಂದರೆ ಕೃಷ್ಣೆಯ ದಡದ ಖಿದ್ರಾಪುರಕ್ಕೆ ಹೋಗಬೇಕು. ಅಲ್ಲಿ ಕೋಪೇಶ್ವರನ ಗುಡಿಯಲ್ಲಿ ಕನ್ನಡ ಶಾಸನವೂ ಇದೆ.

ಕಲ್ಲು ಧಾರಾಳವಾಗಿದ್ದರೂ ಅದನ್ನು ಬೆಸೆಯುವ ಗಚ್ಚು ಧಾರಾಳವಾಗಿರಲಿಲ್ಲ. ಸುಣ್ಣದಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಉಸುಕಿನೊಡನೆ ಎತ್ತಿನ ಗಾಣದಲ್ಲಿ ದಿನಗಟ್ಟಲೆ ಅರೆಯಬೇಕಾಗಿತ್ತು. ಬೆಲ್ಲದ ನೀರು ಬೆರೆಸುವ ರೂಢಿಯೂ ಇತ್ತು. ಸುಡುವಾಗ ಕಳೆದುಕೊಂಡ ಇಂಗಾಲಾಮ್ಲವನ್ನು ಗಾಳಿಯಿಂದ ಮರಳಿ ಹೀರಿಕೊಂಡು ಸುಣ್ಣವು ಮತ್ತೆ ಕಲ್ಲಾಗುತ್ತದೆ. ಆದರೆ ಎಡೆಬಿಡದೆ ನೆನೆಯುವ ಗೋಡೆಯೊಳಗೆ ಗಾಳಿ ಹೋಗುವುದೆಲ್ಲಿಂದ? ಅದಕ್ಕೇ ಹೊಂದಿಕೊಂಡು ಬಂದದ್ದು ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಸುಣ್ಣದೊಡನೆ ಸೇರಿದಾಗ ಗಾರೆಯು ತೇವದಲ್ಲಿಯೂ ಬಿಗಿಯುತ್ತದೆ. ರೋಮನರು ಜ್ವಾಲಾಮುಖಿಯ ಬೂದಿಯಿಂದ ಸಾಧಿಸಿದ್ದೂ ಇದನ್ನೇ. ಮೈಸೂರಿನಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ. ನಮ್ಮ ಜಿಲ್ಲೆಯಲ್ಲಿ ಶಾಹೂ ಮಹಾರಾಜರು ರಾಧಾನಗರಿಯ ಅಣೆಕಟ್ಟಿಗೆ ಕೈಹಾಕಿದ್ದೂ 20ನೆಯ ಶತಮಾನದ ಮೊದಲ ದಶಕದಲ್ಲಿಯೇ. ಹಣದ ಅಡಚಣೆಯಿಂದ ನಿಂತ ಆ ಕೆಲಸ ಪೂರ್ಣಗೊಂಡುದು ಸ್ವಾತಂತ್ರ್ಯಾನಂತರ.

ಇಚಲಕರಂಜಿ ಜಹಗೀರಿಗೆ ಸೇರಿದ್ದ ಆಜರಾ ಮಹಾಲಿನಲ್ಲಿ ಸಾಮಾನ್ಯರ ಮನೆಗೆ ಗಚ್ಚು ದುಬಾರಿಯಾಗಿತ್ತು. ಕಲ್ಲಿನ ನಡುವೆ ಕೆಸರು, ಮೇಲೆ ಸುಣ್ಣದ ಗಿಲಾವು: ಬಹುತೇಕ ಗೋಡೆಗಳ ಗುಟ್ಟು ಇಷ್ಟೇ. (ಗೌಂಡಿ, ಗಿಲಾವು, ಖಡಿ — ಈ ಕಸುಬಿನ ಮಾತುಗಳು ನಮ್ಮ ಕನ್ನಡಕ್ಕೂ ಊರಿನ ಮರಾಠಿಗೂ ಹೆಚ್ಚುಕಡಿಮೆ ಒಂದೇ. ಭಾಷೆಯ ಗಡಿ ಗೋಡೆ ಕಟ್ಟುವವನ ಕೈಯನ್ನು ಎಂದೂ ತಡೆದಿಲ್ಲ.) ನಮ್ಮ ಹಳೆಯ ಸಾಲನ್ನು ಕಟ್ಟಿದವರೂ ಹೊರಗಿನ ಎರಡು ಮೊಗಗಳಿಗೆ ಕೆತ್ತಿದ ಕಲ್ಲಿಟ್ಟು, ನಡುವೆ ಚೂರುಗಲ್ಲು ತುಂಬಿದ್ದಾರೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಭಾರತದಲ್ಲಿ ಸಿಮೆಂಟಿನ ಉದ್ಯಮಕ್ಕೆ ನೆಲೆ ಸಿಕ್ಕಿದ್ದು 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ. ಮುಂದೆ ಶಹಾಬಾದಿನಲ್ಲಿಯೂ ಕಾರ್ಖಾನೆಯಾಯಿತು. ಆದರೆ ಬೆಟ್ಟದ ಊರಿಗೆ ಅದು ಬಂದದ್ದು ಚೀಲದ ಲೆಕ್ಕದಲ್ಲಿ, ಪರವಾನಗಿಯ ಮೇಲೆ. ಸಿಮೆಂಟಿನ ಮೇಲಿನ ಸರಕಾರಿ ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಹೋಯಿತು. ಅಲ್ಲಿಯವರೆಗೆ ಚೀಲಕ್ಕೆ ಕಾಯುವುದು, ಇದ್ದುದರಲ್ಲಿಯೇ ಉಸುಕು ಹೆಚ್ಚಿಸಿ ಮುಗಿಸುವುದು ಎಲ್ಲೆಡೆ ನಡೆದಿತ್ತು. ಆ ಕಾಲದ ಸ್ಲ್ಯಾಬುಗಳನ್ನು ಇಂದು ಟೀಕಿಸುವವರು ಇದನ್ನು ಮರೆಯಬಾರದು.

ಕಾಂಕ್ರೀಟಿಗೆ ನಮ್ಮ ಜನ ಮನಸೋತುದಕ್ಕೆ ಭೂಕಂಪಗಳೂ ಕಾರಣ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಇದೇ ಸಹ್ಯಾದ್ರಿಯ ಕೊಯನಾ ನಡುಗಿತು. ದೊಡ್ಡ ಕಲ್ಲುಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸಿ ಕಟ್ಟಿದ 103 ಮೀಟರ್ ಎತ್ತರದ ಅಣೆಕಟ್ಟು ಮೇಲ್ಭಾಗದಲ್ಲಿ ಬಿರುಕುಬಿಟ್ಟರೂ ನಿಂತಿತು. ಅನಂತರ ಅದಕ್ಕೆ ಆನಿಕೆಗಳನ್ನು ಕಟ್ಟಿ ಬಲಪಡಿಸಲಾಯಿತು. ಕೊಯನಾನಗರದ ಕಲ್ಲಿನ ಮನೆಗಳಿಗೆ ಆ ಭಾಗ್ಯವಿರಲಿಲ್ಲ. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಉರುಳಿ ಸಾವಿರಾರು ಜನ ತೀರಿಕೊಂಡರು. ಅಲ್ಲಿ ಗೋಡೆಯ ಎರಡು ಪದರುಗಳು ಒಂದನ್ನೊಂದು ಹಿಡಿದುಕೊಂಡಿರಲಿಲ್ಲ. ಈ ಬದಿಯಿಂದ ಆ ಬದಿಗೆ ಹಾಯುವ ಬಂಧದ ಕಲ್ಲುಗಳಿರಲಿಲ್ಲ. ನೆಲ ನಡುಗಿದಾಗ ಒಳಗಿನ ಚೂರುಗಲ್ಲು ಕುಸಿದು ಎರಡೂ ಪದರುಗಳನ್ನು ಹೊರಕ್ಕೆ ತಳ್ಳಿತು. ಕಲ್ಲಿನ ಮನೆ ಎಂದರೆ ಗೋರಿ ಎಂಬ ಭಯ ಅಂದು ಮಹಾರಾಷ್ಟ್ರದ ಮನೆಮನೆಗೆ ಹೊಕ್ಕಿತು. ಆದರೆ 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಹೊಸ ಕಾಂಕ್ರೀಟು ಕಟ್ಟಡಗಳೂ ಕುಸಿದವು. ಕೊಂದದ್ದು ಎರಡೂ ಕಡೆ ಕಟ್ಟಿದ ರೀತಿ. ಕಲ್ಲನ್ನಾಗಲಿ ಕಾಂಕ್ರೀಟನ್ನಾಗಲಿ ದೂರಿ ಫಲವಿಲ್ಲ.

ಇನ್ನು ನಮ್ಮದೇ ಕಾಂಕ್ರೀಟು ಸಾಲಿನ ಸಂಗತಿ. ಹಳೆಯ ಸಾಲಿಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕದಾದ ಈ ಕೋಣೆಗಳ ಛಾವಣಿಯಿಂದ ಚಕ್ಕೆಗಳು ಉದುರುತ್ತಿವೆ. ಕಾರಣ ಸರಳ. ಸಿಮೆಂಟಿನ ಕ್ಷಾರಗುಣ ಒಳಗಿನ ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಬೇಸಗೆಯಲ್ಲಿ ಗಾಳಿಯ ಇಂಗಾಲಾಮ್ಲ ಸಣ್ಣ ರಂಧ್ರಗಳಿಂದ ಒಳನುಗ್ಗಿ ಆ ಗುಣವನ್ನು ತಗ್ಗಿಸುತ್ತದೆ. ಮಳೆಗಾಲದಲ್ಲಿ ಅದೇ ದಾರಿಯಿಂದ ನೀರು ಬರುತ್ತದೆ. ತುಕ್ಕು ಹಿಡಿದ ಕಬ್ಬಿಣ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಭಾರತೀಯ ಮಾನಕ 456ರ 2000ದ ಆವೃತ್ತಿಯು ಬಿರುಮಳೆಗೆ ಸಿಕ್ಕಿ ನೆನೆಯುತ್ತ ಒಣಗುತ್ತ ಇರುವ ಕಾಂಕ್ರೀಟನ್ನು ತೀವ್ರ ವಾತಾವರಣದ ವರ್ಗಕ್ಕೆ ಸೇರಿಸಿ, ಸರಳಿನ ಮೇಲೆ 45 ಮಿ.ಮೀ. ಹೊದಿಕೆ ಬೇಕೆನ್ನುತ್ತದೆ. ಉದುರಿದೆಡೆ ನಾವು ಅಳೆದಾಗ ಅರ್ಧ ಅಂಗುಲವೂ ಇರಲಿಲ್ಲ. ಸಪಾಟು ಛಾವಣಿಯ ಮೇಲೆ ನಾಲ್ಕು ತಿಂಗಳು ನೀರು ನಿಲ್ಲುವ ಊರಿನಲ್ಲಿ ಇದು ಆಗಲೇಬೇಕಾಗಿತ್ತು. ಸೂರಿಲ್ಲದ ಗೋಡೆ, ಇಳಿಜಾರಿಲ್ಲದ ಮಾಡು ಬಯಲುಸೀಮೆಯ ನಕ್ಷೆಯಿಂದ ಬಂದವು. ಅವನ್ನು ಬೆಟ್ಟಕ್ಕೆ ತಂದವರು ಇಲ್ಲಿನ ಮಳೆಯನ್ನು ಕೇಳಲಿಲ್ಲ. ಈಗ ಊರಿನಲ್ಲಿ ಎಷ್ಟೋ ಜನ ಸ್ಲ್ಯಾಬಿನ ಮೇಲೆ ತಗಡಿನ ಮಾಡು ಹಾಕಿಸುತ್ತಿದ್ದಾರೆ. ಅಜ್ಜಂದಿರ ಇಳಿಜಾರು ಹೀಗೆ ಎರಡನೆಯ ಖರ್ಚಿನಲ್ಲಿ ಮರಳಿ ಬರುತ್ತಿದೆ!

ಹಾಗೆಂದು ಹಳೆಯ ಸಾಲು ನಿರ್ದೋಷಿಯೆಂದು ನಾವು ವಾದಿಸುವುದಿಲ್ಲ. ಕಿಲ್ಲಾರಿಯ ಪಾಠವನ್ನು ಮುಂದಿಟ್ಟುಕೊಂಡು ಕಳೆದ ಬೇಸಗೆಯಲ್ಲಿ ಅನುಭವಿ ಗೌಂಡಿಗಳಿಂದ ಅದರ ಗೋಡೆಯನ್ನು ಎರಡೆಡೆ ಬಿಚ್ಚಿ ನೋಡಿಸಿದೆವು. ಮೂಡಣ ಗೋಡೆಯಲ್ಲಿ ಬಂಧದ ಕಲ್ಲುಗಳಿವೆ. ಪಡುವಣ ಗೋಡೆಯಲ್ಲಿ ಇಲ್ಲ. ಅದರ ನಡುವಿನ ಕೆಸರು ಬಹುಭಾಗ ತೊಳೆದುಹೋಗಿದೆ. ಆ ಗೋಡೆಗೆ ತಗಲಿದ ಎರಡು ತರಗತಿಗಳನ್ನು ಅಂದೇ ತೆರವು ಮಾಡಿದ್ದೇವೆ. ಮಕ್ಕಳು ಈಗ ಪ್ರಾರ್ಥನಾ ಮಂದಿರದಲ್ಲಿ ಕುಳಿತು ಓದುತ್ತಿದ್ದಾರೆ.

ಸಮಿತಿಯ ಮುಂದೆ ನಾವಿಟ್ಟಿರುವ ಸಲಹೆ ಇದು. ಪಡುವಣ ಗೋಡೆಯನ್ನು ಬಿಚ್ಚಿ, ಅದೇ ಕಲ್ಲುಗಳಿಂದ, ಬಂಧದ ಕಲ್ಲುಗಳನ್ನಿಟ್ಟು ಮತ್ತೆ ಕಟ್ಟುವುದು. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಇಡೀ ಸಾಲನ್ನು ಸುತ್ತುವ ಕಾಂಕ್ರೀಟಿನ ಪಟ್ಟಿ ಹಾಕುವುದು. ಕಿಲ್ಲಾರಿಯ ಅನಂತರ ತಜ್ಞರು ಊರೂರಿಗೆ ಹೇಳಿದ ಉಪಾಯವಿದು. ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಮಾಡಿನ ಸೂರನ್ನು ಇನ್ನೆರಡು ಅಡಿ ಚಾಚುವುದು. ಕಾಂಕ್ರೀಟು ಸಾಲಿಗೆ ಸರಳುಗಳ ದುರಸ್ತಿ ಮತ್ತು ಮೇಲೊಂದು ಇಳಿಜಾರು ಮಾಡು. ಮೃಗಶಿರೆಯ ಮಳೆಗೆ ಮುನ್ನ ಗೋಡೆಯ ಕೆಲಸ ಮುಗಿಯಬೇಕು. ಪಡುವಣ ಜಗುಲಿ ಮೊದಲು ಹೇಗಿತ್ತೆಂಬುದಕ್ಕೆ ನಮ್ಮಲ್ಲಿ ಚಿತ್ರವಿಲ್ಲ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ತರಗತಿಯ ಗುಂಪುಚಿತ್ರವೇನಾದರೂ ಇದ್ದು, ಹಿಂಬದಿಯಲ್ಲಿ ಆ ಜಗುಲಿ ಕಾಣುತ್ತಿದ್ದರೆ, ದಯವಿಟ್ಟು ಶಾಲೆಯ ಕಚೇರಿಗೆ ತಂದುಕೊಡಬೇಕು. ಪ್ರತಿ ತೆಗೆದುಕೊಂಡು ಅದನ್ನು ಅಂದೇ ಹಿಂದಿರುಗಿಸುತ್ತೇವೆ.